ಚುಕ್ಕಿ ಸರಕಲ್ಲ

ಬೋರ್ಡು ಬರೆಯುವ ಚುಕ್ಕಿ ಕುಂಚ ಅದ್ದಿ ಒಂದು ಗೆರೆ ಎಳೆದಳೆಂದರೆ ಪಕ್ಕದ ಪುಸ್ತಕದಂಗಡಿಯ ಸ್ಕೇಲುಗಳೆಲ್ಲ ನಾಚಿ ಬಾಗಿಹೋಗುತ್ತಿದ್ದವು. ಅವಳು ಬರೆದ 'ಇಲ್ಲಿ ವಾಹನ ನಿಲ್ಲಿಸಬಾರದು' ಎಂಬ ಹಲಗೆಗೆ ಹೆದರಿ ಒಂದು ಲಾರಿ ತಾನಾಗಿಯೇ ಹಿಂದಕ್ಕೆ ಸರಿದಿತ್ತು. ಡ್ರೈವರ್ ಆಗ ಊಟಕ್ಕೆ ಹೋಗಿದ್ದ. ಇದನ್ನು ನಂಬದವರು ಆ ಬೀದಿಯಲ್ಲಿ ಇಬ್ಬರೇ. ಒಬ್ಬ ಆ ಡ್ರೈವರ್, ಇನ್ನೊಬ್ಬ ಚುಕ್ಕಿಯ ಅಳಿಯ.

ಅಳಿಯ ಸಣ್ಣಪುಟ್ಟ ಅಂಗಡಿಯವರ ತೆರಿಗೆ ಲೆಕ್ಕ ಬರೆದುಕೊಡುವವನು. ಮನುಷ್ಯ ಎಷ್ಟು ಮೆತ್ತಗೆಂದರೆ ಸೊಳ್ಳೆ ಕಚ್ಚಿದರೂ ಅದು ಊಟ ಮುಗಿಸಿ ಏಳುವ ತನಕ ಕಾಯುತ್ತಿದ್ದ. ತೆರಿಗೆ ಕಚೇರಿಯ ಲಕೋಟೆ ಬಂದರೆ ಅವನ ಮುಖ ಆ ಲಕೋಟೆಗಿಂತ ಬಿಳಿ. ಅಂಥವನಿಗೆ ದೇವರು ಹುಡುಕಿ ಹುಡುಕಿ ಇಂಥ ಅತ್ತೆಯನ್ನು ಕೊಟ್ಟಿದ್ದ.

ಚುಕ್ಕಿ ಎನ್ನುವುದು ಅಮ್ಮ ಕರೆದ ಹೆಸರು. ಹುಟ್ಟಿದ ಮೂರನೇ ದಿನಕ್ಕೇ ಅಪ್ಪನ ಬಣ್ಣದ ಡಬ್ಬಿಗೆ ಕೈಹಾಕಿ ಮುಖಕ್ಕೆಲ್ಲ ಹಳದಿ ಚುಕ್ಕಿ ಇಟ್ಟುಕೊಂಡೆ ಎಂದು ಅವಳು ಹೇಳುತ್ತಿದ್ದಳು. ಮೂರನೇ ವರ್ಷಕ್ಕೆ ಎಂದು ಅಮ್ಮ ಬದುಕಿರುವ ತನಕ ತಿದ್ದುತ್ತಿದ್ದಳು. ಹೇಗೋ, ಹೆಸರು ನಿಂತಿತು. ಅಪ್ಪ ಬಾಡಿಗೆಗೆ ಹಿಡಿದ ಒಂದೇ ಕೋಣೆಯ ಅಂಗಡಿ, ಬಣ್ಣದ ಡಬ್ಬಿಗಳು, ಟರ್ಪೆಂಟೈನ್ ವಾಸನೆ ಎಲ್ಲ ಅವಳ ಪಾಲಿಗೆ ಬಂದವು. ಬೀದಿಗೆ ಬೀದಿಯೇ ಪ್ಲಾಸ್ಟಿಕ್ ಬೋರ್ಡಿಗೆ ತಿರುಗಿದಾಗಲೂ ಚುಕ್ಕಿಯ ಕುಂಚ ಒಣಗಲಿಲ್ಲ. ಅಕ್ಷರಕ್ಕಿಷ್ಟು, ಒತ್ತಿಗೆ ಅದರ ಅರ್ಧ, ದೀರ್ಘ ಪುಕ್ಕಟೆ. 'ವಸ್ತ್ರ ಭಂಡಾರ' ಎಂದು ಬರೆಸಲು ಬಂದ ಜಿಪುಣನೊಬ್ಬ 'ಸ್ತ್ರ'ದಲ್ಲಿ ಎರಡು ಒತ್ತಿವೆ ಎಂದು ತಿಳಿದು 'ಉಡುಪು' ಎಂದಷ್ಟೇ ಬರೆಸಿಕೊಂಡು ಹೋಗಿದ್ದ.

ಮಗಳು ಇನ್ನೂ ಎರಡು ಜಡೆ ಹಾಕುತ್ತಿದ್ದ ಕಾಲದಲ್ಲಿ, ಎದುರುಗಡೆ ಸೈಬರ್ ಕೆಫೆ ನಡೆಸುತ್ತಿದ್ದವನು ಒಂದು ದಿನ ಬಂದು ಹೇಳಿದ: "ಚುಕ್ಕಮ್ಮಾ, ಇಂಟರ್ನೆಟ್ಟಲ್ಲಿ ಒಂದು ಹೆಸರು ಒಬ್ಬರಿಗೇ ಸಿಗೋದು. ನಿಮ್ಮ ಹೆಸರು ಖಾಲಿ ಇದೆ. ಬೇಗ ತಗೊಳ್ಳಿ, ಇಲ್ಲಾಂದ್ರೆ ಬೇರೆ ಯಾರಾದ್ರೂ ತಗೊಂಡ್ಬಿಡ್ತಾರೆ."

ಚುಕ್ಕಿಗೆ ಮೈಯೆಲ್ಲ ಉರಿಯಿತು. "ನನ್ನ ಹೆಸರನ್ನ ಬೇರೆಯವರು ತಗೊಳ್ಳೋದಾ? ಅದ್ಯಾವನವನು, ತೋರಿಸು ನಂಗೆ!"

"ಅಯ್ಯೋ, ಯಾರೂ ಇನ್ನೂ ತಗೊಂಡಿಲ್ಲ. ಚುಕ್ಕಿ, ಆಮೇಲೆ ಡಾಟ್, ಆಮೇಲೆ ಮೂರಕ್ಷರ. ಅಷ್ಟೇ."

"ಡಾಟ್ ಅಂದ್ರೇನು?"

"ಚುಕ್ಕಿ ಕಣಮ್ಮ."

ಚುಕ್ಕಿ ಕುಂಚ ಕೆಳಗಿಟ್ಟಳು. "ಹಾಗಾದ್ರೆ ಪ್ರಪಂಚದಲ್ಲಿರೋ ಎಲ್ಲ ಸೈಟಿನ ನಡುವೆಯೂ ನಾನೇ ಕೂತಿದೀನಿ ಅನ್ನು!" ಎಂದವಳೇ ದುಡ್ಡು ಎಣಿಸಿ ಕೊಟ್ಟಳು. ಅಂದಿನಿಂದ ಅವಳ ಪ್ರಕಾರ ಇಂಟರ್ನೆಟ್ ನಡೆಯುತ್ತಿದ್ದುದೇ ಅವಳ ದಯೆಯಿಂದ. ಆ ವಿಳಾಸದಲ್ಲಿ ಅವಳು ಬರೆದ ನಾಲ್ಕು ಬೋರ್ಡಿನ ಫೋಟೋ, ಅಂಗಡಿಯ ಫೋನ್ ನಂಬರು, ಅಷ್ಟೇ ಇದ್ದದ್ದು. ವರ್ಷ ವರ್ಷ ತಪ್ಪದೆ ಶುಲ್ಕ ಕಟ್ಟಿದಳು. ಸೈಬರ್ ಕೆಫೆ ಮುಚ್ಚಿ ಅಲ್ಲಿ ಚಪ್ಪಲಿ ಅಂಗಡಿ ಬಂದ ಮೇಲೂ ಕಟ್ಟಿದಳು.

ಈ ಹೆಸರಿಗೆ ಗಿರಾಕಿ ಬಂದದ್ದು ಮೊನ್ನೆ ಮೊನ್ನೆ. ಚುಕ್ಕಿ ಚುಕ್ಕಿ ಇರುವ ಮಕ್ಕಳ ಬಟ್ಟೆ ಮಾಡುವ ಕಂಪನಿಯೊಂದು ಆ ವಿಳಾಸ ಬೇಕೇ ಬೇಕೆಂದು ಬೆನ್ನು ಹತ್ತಿತು. ಎರಡು ಸಲ ಬೈದು ಕಳಿಸಿದಳು. ಮೂರನೇ ಸಲ ಅವರು ಬಂದಾಗ ಕಾಲ ಕೈಕೊಟ್ಟಿತ್ತು. ಕಟ್ಟಡದ ಮಾಲೀಕ ಅಂಗಡಿಯ ಕೋಣೆಯನ್ನು ಮಾರುತ್ತೇನೆಂದು ಕೂತಿದ್ದ. ಮೊಬೈಲ್ ಅಂಗಡಿಯವನು ಆಗಲೇ ಟೇಪು ಹಿಡಿದು ಅಗಲ ಅಳೆದುಕೊಂಡು ಹೋಗಿದ್ದ. "ತಿಂಗಳ ಕೊನೇ ದಿನದ ತನಕ ನಿನಗೇ ಮೊದಲ ಮಾತು ಚುಕ್ಕಮ್ಮ," ಎಂದಿದ್ದ ಮಾಲೀಕ, ಹಲ್ಲುಕಡ್ಡಿ ಆಡಿಸುತ್ತ. "ಆಮೇಲೆ ನನ್ನ ಕೇಳ್ಬೇಡ." ಚುಕ್ಕಿ ಹೆಸರು ಮಾರಿದಳು. ಬಂದ ದುಡ್ಡು ಕೋಣೆಗೆ ಸರಿಹೋಗುತ್ತಿತ್ತು. ಆಸ್ತಿ ಮಾರಿದವರು ಕಟ್ಟಬೇಕಾದ ತೆರಿಗೆ ಕಳೆದರೂ ಸರಿಹೋಗುತ್ತಿತ್ತು. ಅಳಿಯ ಅದನ್ನು ಆಸ್ತಿ ಮಾರಾಟವೆಂದೇ ತೆರಿಗೆ ಕಚೇರಿಗೆ ಲೆಕ್ಕ ಬರೆದು ಕಳಿಸಿದ.

ಇಷ್ಟಕ್ಕೆ ಸುಮ್ಮನಿದ್ದರೆ ಅವಳು ಚುಕ್ಕಿ ಹೇಗಾದಾಳು?

ಊರಿನ ವಾರಪತ್ರಿಕೆಯವನು ಸುದ್ದಿ ಕೇಳಿ ಕ್ಯಾಮೆರಾ ಹಿಡಿದು ಬಂದ. ಚುಕ್ಕಿ ಹೊಸ ಸೀರೆ ಉಟ್ಟು, ಕುಂಚವನ್ನು ಕತ್ತಿಯ ಹಾಗೆ ಹಿಡಿದು ನಿಂತಳು. "ಇದೊಂದೇನಾ? ಹೆಸರು ಮಾರೋದು ನನ್ನ ಕಸುಬು ಕಣಪ್ಪ! ಸಾವಿರಾರು ಹೆಸರು ಮಾರಿದೀನಿ. ಇಂಟರ್ನೆಟ್ ಹೆಸರು ಕೂಡ ನೂರಾರು. ಇನ್ನೂ ಗೋಡೌನ್ ತುಂಬ ಬಿದ್ದಿವೆ, ಬೇಕಾದವರು ಬರ್ಲಿ!" ಪತ್ರಿಕೆಯವನು ಒಂದು ಅಕ್ಷರ ಬಿಡದೆ ಅಚ್ಚು ಹಾಕಿದ. ಚುಕ್ಕಿ ಐವತ್ತು ಪ್ರತಿ ಕೊಂಡು ಬೀದಿಗೆಲ್ಲ ಹಂಚಿದಳು. ಐವತ್ತೊಂದನೆಯದನ್ನು ತೆರಿಗೆ ಕಚೇರಿಯವರು ತಾವೇ ಕೊಂಡರು.

ಲಕೋಟೆ ಬಂತು. ಅಳಿಯ ಓದಿದ. ಕುರ್ಚಿ ಹುಡುಕಿದ. ಸಿಗದೆ ನೆಲದ ಮೇಲೇ ಕೂತ.

"ಅತ್ತೆ, ಸ್ವಂತಕ್ಕೆ ಇಟ್ಟುಕೊಂಡ ಆಸ್ತಿ ಮಾರಿದ್ರೆ ಒಂದು ದರ. ಹೆಸರುಗಳ ವ್ಯಾಪಾರ ಮಾಡೋರು ಸರಕು ಮಾರಿದ್ರೆ ಬೇರೆ ದರ, ಜಾಸ್ತಿ. ನೀವು ವ್ಯಾಪಾರಿ, ಚುಕ್ಕಿ ನಿಮ್ಮ ಸರಕು ಅಂತ ಇವರ ವಾದ. ತಪ್ಪು ಲೆಕ್ಕ ಕೊಟ್ಟಿದ್ದಕ್ಕೆ ದಂಡ ಬೇರೆ. ಅಷ್ಟೂ ಹೋದ್ರೆ ಉಳಿಯೋ ದುಡ್ಡಲ್ಲಿ ಕೋಣೆಯ ಬಾಗಿಲು ಮಾತ್ರ ಬರುತ್ತೆ."

"ಯಾರು ಹೇಳಿದ್ದು ಅವರಿಗೆ ನಾನು ವ್ಯಾಪಾರಿ ಅಂತ?"

ಅಳಿಯ ಪತ್ರಿಕೆಯನ್ನು ಎತ್ತಿ ಹಿಡಿದ. ಅದರಲ್ಲಿ ಚುಕ್ಕಿ ಕುಂಚ ಹಿಡಿದು ಹಲ್ಲು ಬಿಡುತ್ತಿದ್ದಳು.

ವಿಚಾರಣೆ ಇಟ್ಟಿದ್ದು ಸರಿಯಾಗಿ ತಿಂಗಳ ಕೊನೆಯ ದಿನ. ಕಚೇರಿಯ ಮೆಟ್ಟಿಲು ಹತ್ತುವ ತನಕ ಅಳಿಯ ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟ. "ಅತ್ತೆ, ಕಡಿಮೆ ಮಾತಾಡಿ. ತಲೆ ಬಗ್ಗಿಸಿ. ಆಗಲಿಲ್ಲ ಅಂದ್ರೆ ಒಪ್ಪಿಕೊಂಡು ಕಂತು ಕೇಳೋಣ."

"ಅಳಿಯಂದಿರೇ, ನನ್ನ ಕತ್ತು ಏಣಿ ಮೇಲೆ ನಿಂತು ನಿಂತು ಮೇಲಕ್ಕೇ ಅಂಟಿಕೊಂಡಿದೆ. ಬಗ್ಗಲ್ಲ."

ಬೆಂಚಿನ ಮೇಲೆ ಮೂರು ಯುಗ ಕಾದ ಮೇಲೆ ಒಳಗೆ ಕರೆದರು. ಕಬ್ಬಿಣದ ಬೀರುಗಳು, ಗರಗರ ತಿರುಗುವ ಫ್ಯಾನು, ಕಂಪ್ಯೂಟರಿನ ಮುಂದೆ ಟೈಪು ಮಾಡುವ ಗುಮಾಸ್ತ, ನಡುವೆ ಅಧಿಕಾರಿ. ಅಧಿಕಾರಿ ಅಂದರೆ ಚುಕ್ಕಿಯ ಮಗಳ ವಯಸ್ಸಿನ ಹೆಣ್ಣುಮಗಳು. ಸ್ಟೀಲ್ ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು.

ಚುಕ್ಕಿ ಕೂರುವ ಮೊದಲೇ ಬಾಗಿಲಿನ ಕಡೆ ಬೆರಳು ತೋರಿಸಿದಳು. "ಮೇಡಮ್ಮೋರೇ, ನಿಮ್ಮ ಬೋರ್ಡು ಬರೆದೋನು ಯಾರು? 'ಅಧಿಕಾರಿ'ಯ ಧಕ್ಕೆ ಹೊಟ್ಟೆ ಸೀಳೇ ಇಲ್ಲ. ನಿಮ್ಮ ಮಹಾಪ್ರಾಣ ಹೋಗಿ ಎಷ್ಟು ದಿನ ಆಯ್ತು?"

ಅಳಿಯ ಕಣ್ಣು ಮುಚ್ಚಿಕೊಂಡ. ಗುಮಾಸ್ತ ಕೆಮ್ಮಿನೊಳಗೆ ನಗು ತೂರಿಸಿದ.

"ಪ್ರಾಣ ಇನ್ನೂ ಇದೆ ಅಮ್ಮ, ಕೂತ್ಕೊಳ್ಳಿ," ಎಂದಳು ಮೇಡಂ, ಮುಖದ ಒಂದು ಗೆರೆಯೂ ಅಲ್ಲಾಡದೆ. ಪತ್ರಿಕೆಯನ್ನು ಮೇಜಿನ ಮೇಲೆ ಹರಡಿದಳು. "ಇದು ನಿಮ್ಮದೇ ಮಾತಾ?"

"ನನ್ನದೇ."

"ಗೋಡೌನ್ ತುಂಬ ಹೆಸರು ಇವೆ ಅಂದಿದೀರಿ. ಗೋಡೌನ್ ಎಲ್ಲಿದೆ? ನೋಡಬೇಕು."

ಗೋಡೌನ್ ಅಂದರೆ ಅಂಗಡಿಯ ಹಿಂದಿನ ಬೆಂಚಿನ ಕೆಳಗಿನ ಜಾಗ. ಅಲ್ಲಿದ್ದದ್ದು ಒಣಗಿದ ಬಣ್ಣದ ಡಬ್ಬಿಗಳು, ಮುರಿದ ಏಣಿಯ ಎರಡು ಮೆಟ್ಟಿಲು ಮತ್ತು ಒಂದು ಬೆಕ್ಕು. ಚುಕ್ಕಿ ಮೊದಲ ಸಲ ಮಾತಿಗೆ ತಡವರಿಸಿದಳು. ಕಚೇರಿಯ ಗಡಿಯಾರವೂ ಒಂದು ಗಳಿಗೆ ನಿಂತು ನೋಡಿತು.

"ಸರಿ, ಅದನ್ನ ಆಮೇಲೆ ನೋಡೋಣ," ಎಂದಳು ಮೇಡಂ. "ಸಾವಿರಾರು ಹೆಸರು ಮಾರಿದೀರಾ?"

"ಮಾರಿದೀನಿ!" ಚುಕ್ಕಿಯ ದನಿ ಹಿಂದಿರುಗಿತು. "ನಮ್ಮ ಕಸುಬಲ್ಲಿ ಮಾತಾಡೋದೇ ಹಾಗೆ. ಬೋರ್ಡು ಬರೆದು ಕಳಿಸಿದ್ರೆ 'ಒಂದು ಹೆಸರು ಹೋಯ್ತು' ಅಂತೀವಿ. ನಮ್ಮಪ್ಪ ಸಂಜೆ ಮನೆಗೆ ಬಂದು, ಇವತ್ತು ನಾಲ್ಕು ಹೆಸರು ಮಾರಿದೆ ಕಣೇ, ಅನ್ನೋರು. ಹಾಗಂತ ಹೆಸರು ನಮ್ಮದಾ? ಗಿರಾಕಿ ತನ್ನ ಹೆಸರು ತಾನೇ ಹೊತ್ಕೊಂಡು ಬರ್ತಾನೆ, ಹೊತ್ಕೊಂಡು ಹೋಗ್ತಾನೆ. ನಾನು ಮಾರೋದು ಬಣ್ಣ, ಕೈ, ನಡುವಿನ ಜಾಗ. ಅದಕ್ಕೆಲ್ಲ ಈ ಅಳಿಯಂದಿರು ತೆರಿಗೆ ಕಟ್ಟಿಸಿದಾರೆ, ಕೇಳಿ."

"ಕಟ್ಟಿದೀವಿ ಮೇಡಂ," ಎಂದ ಅಳಿಯ, ತನಗೇ ಕೇಳಿಸದಷ್ಟು ಮೆಲ್ಲಗೆ.

"ಅದನ್ನ ಒಪ್ಪಿದೆ," ಮೇಡಂ ಒಂದು ಸಾಲಿಗೆ ಗೆರೆ ಎಳೆದಳು. ಚುಕ್ಕಿ ಆ ಗೆರೆ ನೋಡಿ ಮುಖ ಸಿಂಡರಿಸಿದಳು, ಸೊಟ್ಟಗಿತ್ತು. "ಈ ಚುಕ್ಕಿ ಅನ್ನೋ ಹೆಸರನ್ನ ಯಾಕೆ ಕೊಂಡಿರಿ? ಮುಂದೆ ಲಾಭಕ್ಕೆ ಮಾರೋಣ ಅಂತಾನಾ?"

"ಮಾರೋಕಾ? ಇನ್ನೊಬ್ಬರಿಗೆ ಸಿಗಬಾರದು ಅಂತ ಕೊಂಡೆ!"

"ಅಂದ್ರೆ?"

"ಹೊಟ್ಟೆಕಿಚ್ಚಿಗೆ ಅಂತ ಬೇಕಾದ್ರೆ ಬರ್ಕೊಳ್ಳಿ. ನಮ್ಮಮ್ಮ ನನ್ನ ಕೂಗ್ತಿದ್ದ ಹೆಸರು. ಅದನ್ನ ಯಾವನೋ ಗುರುತು ಪರಿಚಯ ಇಲ್ಲದೋನು ಮನೆ ಮಾಡ್ಕೊಂಡು ಕೂರೋದಾ? ಅದಕ್ಕೇ ಬೀಗ ಹಾಕಿ ಇಟ್ಕೊಂಡೆ. ಇದನ್ನ ಸರಕು ಅಂತೀರಲ್ಲ, ಯಾವ ಅಂಗಡಿಯವನು ಗಿರಾಕಿಗೆ ಸಿಗಬಾರದು ಅಂತ ಸರಕು ತರ್ತಾನೆ? ನೀವೇ ಹೇಳಿ!"

ಮೇಡಂ ಲೋಟ ಬಾಯಿಯ ಹತ್ತಿರ ತಂದವಳು ಹಾಗೇ ಕೆಳಗಿಟ್ಟಳು. ಗುಮಾಸ್ತ ಕೇಳದೆಯೇ ಟೈಪು ಮಾಡತೊಡಗಿದ. ಅಳಿಯನಿಗೆ ಉಸಿರು ಬಂತು. ಅತ್ತೆ ಇನ್ನೊಂದು ಮಾತು ಆಡದೆ ಎದ್ದರೆ ಸಾಕಪ್ಪಾ ಎಂದು ಅವನು ಕೈಬೆರಳು ಹೆಣೆದುಕೊಂಡ.

ಮೇಡಂ ಬಿಡಲಿಲ್ಲ. "ಎಲ್ಲ ಸರಿ ಅಮ್ಮ. ಆದ್ರೆ ಇಲ್ಲಿ ಇನ್ನೊಂದು ಸಾಲಿದೆ. 'ಇಂಟರ್ನೆಟ್ ಹೆಸರು ಕೂಡ ನೂರಾರು.' ಇದು ಬೋರ್ಡಿನ ಭಾಷೆ ಅಲ್ಲ. ಇಂಥ ಹೆಸರು ಕೊಂಡು ಮಾರೋದು ನಿಮ್ಮ ದಿನದ ಕೆಲಸ ಆಗಿದ್ರೆ ಚುಕ್ಕಿನೂ ಸರಕೇ. ಹಾಗಾದ್ರೆ ಉಳಿದವು ಎಲ್ಲಿ? ಯಾರ ಹೆಸರಲ್ಲಿ ಇಟ್ಟಿದೀರಿ?"

ಉತ್ತರ ಒಂದೇ ಇತ್ತು, ಅದು ಎರಡಕ್ಷರದ್ದು. ಆ ಎರಡಕ್ಷರ ಹೇಳಿದರೆ ಅಂಗಡಿ ಉಳಿಯುತ್ತದೆ. ಆದರೆ ಚುಕ್ಕಿ ಹುಟ್ಟಿದಾಗಿನಿಂದ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವಳಲ್ಲ. ಒಮ್ಮೆ ಒಂದು ಬೋರ್ಡಿನಲ್ಲಿ 'ಔಷಧ' ತಪ್ಪಾಗಿ ಬರೆದಾಗಲೂ ನಿಘಂಟೇ ತಪ್ಪು ಎಂದು ಅಂಗಡಿಯವನನ್ನು ಒಪ್ಪಿಸಿ ಕಳಿಸಿದವಳು.

ಅಳಿಯ ಬಗ್ಗಿ ಕಿವಿಯಲ್ಲಿ ಉಸುರಿದ: "ಅತ್ತೆ, ಬಾಯ್ತಪ್ಪಿ ಬಂತು ಅನ್ನಿ. ಅಷ್ಟೇ. ಬಾಯ್ತಪ್ಪಿ."

ಅಷ್ಟು ಸಾಕಾಯಿತು. ಚುಕ್ಕಿ ಕುರ್ಚಿ ಹಿಂದಕ್ಕೆ ದೂಡಿ ಎದ್ದ ಸದ್ದಿಗೆ ಕೆಳಗಿನ ಮಹಡಿಯಲ್ಲಿ ಮೂವರು ಸುಮ್ಮಸುಮ್ಮನೆ ತೆರಿಗೆ ಕಟ್ಟಿದರು.

"ಬಾಯ್ತಪ್ಪಿ? ನನ್ನ ಬಾಯಿ ತಪ್ಪುತ್ತಾ? ಏಯ್, ನಿನ್ನ ಮದುವೆಯಲ್ಲಿ ಒಂದು ಗಂಟೆ ನಿಲ್ಲಿಸದೆ ಮಾತಾಡಿದೀನಿ, ಒಂದು ಮಾತು ತಪ್ಪಿತ್ತಾ?" ಕೋಪ ಬಂದಾಗ ಅಳಿಯಂದಿರು 'ನೀನು' ಆಗಿಬಿಡುತ್ತಿದ್ದರು. ಅವಳು ಮೇಜಿನ ಕಡೆ ತಿರುಗಿದಳು. "ಬರ್ಕೊಳ್ಳಿ ಮೇಡಮ್ಮೋರೇ. ಬಾಯ್ತಪ್ಪಿ ಬಂದದ್ದಲ್ಲ. ಬೇಕು ಅಂತಲೇ ಹೇಳಿದೆ. ಸುಳ್ಳು! ಹಸೀ ಸುಳ್ಳು! ಇನ್ನೂ ಬಣ್ಣ ಒಣಗದಿರೋ ಸುಳ್ಳು! ಆ ಪೇಪರಿನೋನು ಹೊರಟೋಗ್ತಿದ್ದ, ಅವನನ್ನ ನಿಲ್ಲಿಸಿ ಹೇಳಿದೆ. ಇನ್ನೊಂದು ಇಂಟರ್ನೆಟ್ ಹೆಸರು ನಾನು ಕನಸಲ್ಲೂ ಕೊಂಡಿಲ್ಲ. ಗೋಡೌನಲ್ಲಿ ಇರೋದು ಬೆಕ್ಕು. ಈ ಊರಲ್ಲಿ ನನ್ನಷ್ಟು ಸೊಗಸಾಗಿ ಸುಳ್ಳು ಹೇಳೋರು ಇನ್ನೊಬ್ಬರಿದ್ರೆ ಕರ್ಕೊಂಡು ಬನ್ನಿ, ಪಂದ್ಯ ಕಟ್ತೀನಿ!"

ಗುಮಾಸ್ತನ ಬೆರಳು ಗಾಳಿಯಲ್ಲಿ ನಿಂತಿತ್ತು. ಮೇಡಂ ಕೈಕಟ್ಟಿಕೊಂಡಳು. "ಅಷ್ಟು ದೊಡ್ಡ ಸುಳ್ಳುಗಾರ್ತಿ ಆದ್ರೆ, ಈಗ ಹೇಳ್ತಿರೋದನ್ನ ನಾನು ಯಾಕೆ ನಂಬಲಿ?"

"ನಂಬಬೇಡಿ! ಯಾರು ನಂಬಿ ಅಂದ್ರು? ಹುಡುಕಿ! ಇದ್ದಬದ್ದ ಕಂಪ್ಯೂಟರೆಲ್ಲ ಮಗುಚಿ ಹಾಕಿ ಹುಡುಕಿ. ನನ್ನದು ಅಂತ ಇನ್ನೊಂದು ಹೆಸರು ಸಿಕ್ರೆ ನನ್ನ ಬಲಗೈ ತಗೊಳ್ಳಿ. ಸಿಗದಿದ್ರೆ ನನ್ನ ತಾಯಿ ಇಟ್ಟ ಹೆಸರನ್ನ ಸರಕು ಅಂದಿದ್ದನ್ನ ವಾಪಸ್ ತಗೊಳ್ಳಿ. ಆಸ್ತಿಯ ತೆರಿಗೆ ಎಷ್ಟಿದೆಯೋ ಅಷ್ಟೂ ಕಟ್ತೀನಿ, ಈಗಲೇ. ಸರಕಿನ ತೆರಿಗೆ ಅಂದ್ರೆ ಬಿಡಿಗಾಸೂ ಇಲ್ಲ. ಈ ಬಾಗಿಲಲ್ಲೇ ಕೂರ್ತೀನಿ, ಎತ್ತಿ ಹಾಕೋಕೆ ಎಂಟು ಜನ ಬೇಕು."

ಆಗ ಆಶ್ಚರ್ಯವೊಂದು ನಡೆಯಿತು. ಅಳಿಯ ಎದ್ದು ನಿಂತ. "ಹುಡುಕಿ ಮೇಡಂ," ಎಂದ. "ನಮ್ಮ ಅತ್ತೆಯ ಬಾಯಿ ಸಾಕ್ಷಿ ಅಲ್ಲ. ಅವರು ಕೊಂಡಿದ್ದು ಒಂದು, ಬಳಸಿದ್ದು ಒಂದು, ಮಾರಿದ್ದು ಒಂದು. ಬೇಡ ಬೇಡ ಅಂತ ಎರಡು ಸಲ ಕಂಪನಿಯವರನ್ನ ಓಡಿಸಿದಾರೆ. ವ್ಯಾಪಾರಿ ಗಿರಾಕೀನ ಓಡಿಸ್ತಾನಾ? ನೀವು ಸರಕು ಅಂತಲೇ ಬರೆದ್ರೆ ಮೇಲಿನೋರ ಹತ್ತಿರ ಹೋಗ್ತೀವಿ. ನಾನೇ ಹೋಗ್ತೀನಿ."

ಚುಕ್ಕಿ ಬಾಯಿ ತೆರೆದು ಅವನನ್ನೇ ನೋಡಿದಳು. ಇವನು ತನ್ನ ಮಗಳ ಗಂಡನೋ ಅಥವಾ ಮೆಟ್ಟಿಲ ಹತ್ತಿರ ಬೇರೆ ಯಾರನ್ನಾದರೂ ಕರೆದುಕೊಂಡು ಬಂದೆನೋ ಎಂದು ಅವಳಿಗೆ ಅನುಮಾನ.

ಮೇಡಂ ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿದಳು. "ಹುಡುಕಿ ಆಗಿದೆ. ಹೋದ ವಾರವೇ. ನಿಮ್ಮದು, ಮಗಳದು, ಇವರದು, ಎಲ್ಲರ ಹೆಸರಲ್ಲೂ. ಒಂದೇ ಒಂದು ಸಿಕ್ಕಿದ್ದು."

"ಮತ್ತೆ ಯಾಕಮ್ಮಾ ನನ್ನ ಇಷ್ಟು ಹೊತ್ತು ಬೇಯಿಸಿದ್ದು?"

"ನೂರಾರು ಇವೆ ಅಂತ ನೀವೇ ಅಚ್ಚು ಹಾಕಿಸಿದೀರಿ. ಇಲ್ಲ ಅಂತಲೂ ನೀವೇ ಹೇಳಬೇಕಿತ್ತು. ನಾನು ಹೇಳೋಕೆ ಬರಲ್ಲ." ಮೇಡಂ ಗುಮಾಸ್ತನ ಕಡೆ ನೋಡಿದಳು. "ಬರ್ಕೊಳ್ಳಿ. ಸ್ವಂತ ಬಳಕೆಗೆ ಇಟ್ಟುಕೊಂಡಿದ್ದ ಆಸ್ತಿ. ಪತ್ರಿಕೆಯಲ್ಲಿ ಬಂದ ಮಾತು ಉತ್ಪ್ರೇಕ್ಷೆ ಅಂತ ಅವರೇ ತಿಳಿಸಿದ್ದಾರೆ."

"ನಿಲ್ಲಿ!" ಎಂದಳು ಚುಕ್ಕಿ. "ಉತ್ಪ್ರೇಕ್ಷೆ ಅಲ್ಲ. ಅದು ಸಣ್ಣೋರು ಮಾಡೋದು. ಸುಳ್ಳು ಅಂತಲೇ ಬರೀರಿ. ಇಲ್ಲಾಂದ್ರೆ ಸಹಿ ಹಾಕಲ್ಲ."

"ಅಮ್ಮ, ಉತ್ಪ್ರೇಕ್ಷೆ ಅಂದ್ರೆ ನಿಮಗೇ ಮರ್ಯಾದೆ."

"ನನ್ನ ಮರ್ಯಾದೆ ನಾನು ನೋಡ್ಕೋತೀನಿ. ಆ ಪದಕ್ಕೆ ಒತ್ತು ಬೇರೆ ಎಷ್ಟೊಂದು, ದುಬಾರಿ. ಸುಳ್ಳು. ಎರಡೇ ಅಕ್ಷರ, ಒಂದು ಒತ್ತು."

ಮೇಡಂ ಕೊನೆಗೂ ನಕ್ಕಳು. ಗುಮಾಸ್ತ ಅಳಿಸಿ, ಸುಳ್ಳು ಎಂದು ಬರೆದ. ಚುಕ್ಕಿ ಸಹಿ ಹಾಕಿದಳು. ಅಳಿಯ ಅಲ್ಲೇ ಕೂತು ಆಸ್ತಿಯ ದರದಲ್ಲಿ ಬಾಕಿಯಿದ್ದ ತೆರಿಗೆ ಕಟ್ಟಿಸಿ ರಸೀದಿ ತೆಗೆದುಕೊಂಡ. ಅವನ ಅಂಗಿ ಬೆನ್ನಿಗೆ ಅಂಟಿಹೋಗಿತ್ತು.

ಹೊರಗೆ ಬಂದು ಇಬ್ಬರೂ ಒಂದು ಇಡೀ ಬೀದಿ ದಾಟಿದರು. ಆಮೇಲೆ ಚುಕ್ಕಿ ಕೇಳಿದಳು: "ಮೇಲಿನೋರ ಹತ್ತಿರ ನೀವು ನಿಜವಾಗ್ಲೂ ಹೋಗ್ತಿದ್ರಾ?"

"ಗೊತ್ತಿಲ್ಲ ಅತ್ತೆ. ಬಾಯಿಗೆ ಬಂತು, ಅಂದೆ."

"ಬಾಯ್ತಪ್ಪಿ ಬಂತಾ?"

"ಇಲ್ಲ," ಎಂದ ಅಳಿಯ. "ಬೇಕು ಅಂತಲೇ."

ಅಂಗಡಿಯ ಮುಂದೆ ಮಾಲೀಕ ಸ್ಟೂಲು ಹಾಕಿಕೊಂಡು ಬಾಗಿಲ ಪಕ್ಕದ ಗೋಡೆಗೆ ಒರಗಿ ಕೂತಿದ್ದ. ಮೊಬೈಲ್ ಅಂಗಡಿಯವನು ಪಕ್ಕದಲ್ಲೇ ನಿಂತು, ಒಳಗೆ ಎಲ್ಲಿ ಕನ್ನಡಿ, ಎಲ್ಲಿ ಎಸಿ ಎಂದು ಕೈಯಲ್ಲಿ ಗಾಳಿಗೆ ಚಿತ್ರ ಬರೆಯುತ್ತಿದ್ದ. ಚುಕ್ಕಿಯನ್ನು ಕಂಡು ಮಾಲೀಕ ಹಲ್ಲುಕಡ್ಡಿ ತೆಗೆದ.

"ಏನಾಯ್ತು ಚುಕ್ಕಮ್ಮ? ಎಲ್ಲ ತೆರಿಗೆಯೋರು ಬಳ್ಕೊಂಡ್ರಂತೆ? ಬೇಜಾರ್ ಮಾಡ್ಕೋಬೇಡ. ಮೊಬೈಲ್ನೋರು ನಾಳೆ ಬೆಳಗ್ಗೆ ಬೀಗ ಕೇಳ್ತಿದಾರೆ."

ಚುಕ್ಕಿ ಅಳಿಯನ ಕಡೆ ಕೈ ಚಾಚಿದಳು. ಬರುವ ದಾರಿಯಲ್ಲಿ ಕೋಣೆಯ ಬೆಲೆಗೆ ಮಾಡಿಸಿಕೊಂಡಿದ್ದ ಬ್ಯಾಂಕಿನ ಡ್ರಾಫ್ಟನ್ನು ಅಳಿಯ ಚೀಲದಿಂದ ತೆಗೆದು ಆ ಕೈಗೆ ಇಟ್ಟ. ಅವಳು ಅದನ್ನು ಮಾಲೀಕನ ಮಡಿಲಿಗೆ ಹಾಕಿದಳು. ಅವನು ಎರಡು ಸಲ ಓದಿದ, ತಿರುಗಿಸಿ ಹಿಂಬದಿಯೂ ನೋಡಿದ. ಮೊಬೈಲ್ ಅಂಗಡಿಯವನ ಕೈ ಗಾಳಿಯಲ್ಲಿ ಎಸಿಯ ಜಾಗದಲ್ಲೇ ನಿಂತಿತ್ತು.

"ಸರಿ ಇದೆ ತಾನೇ?" ಎಂದಳು ಚುಕ್ಕಿ. "ನಾಳೆ ರಿಜಿಸ್ಟ್ರಿಗೆ ಬನ್ನಿ. ಈಗ ಏಳಿ, ನನ್ನ ಗೋಡೆಗೆ ಒರಗಬೇಡಿ."